ನಾಲ್ವರ ಭುಜಕ್ಕೆ ಒಂದು ಹಲಗೆ

ಪ್ರಶ್ನೆ: ನಾವು ನಾಲ್ಕು ಮಂದಿ ಗೆಳ್ಯಾರು. ಒಬ್ಬಾಂವ ಇಂಡಿ, ಒಬ್ಬಾಂವ ಸಿಂದಗಿ, ಇನ್ನೊಬ್ಬಾಂವ ಮುದ್ದೇಬಿಹಾಳ, ನಾನು ಬಸವನ ಬಾಗೇವಾಡಿ. ಹಬ್ಬ, ಜಾತ್ರಿಗೆ ಯಾರದರ ಊರಾಗ ಕೂಡ್ತೀವಿ. ಸಣ್ಣವರಿದ್ದಾಗ ಆಡಿದ ‘ಮುಸ್ತಫಾ’ದಂಥ ವಿಡಿಯೋ ಗೇಮ್ ಪೆಟಗಿ ನಾವ ಮಾಡಬೇಕಂತ ಆಸೆ ಐತಿ. ನಾಲ್ಕೂ ಮಂದಿ ಒಮ್ಮೆಲೆ ಆಡೋಹಂಗ ಕಂಟ್ರೋಲ್ ಪ್ಯಾನೆಲ್ ಹ್ಯಾಂಗ ಮಾಡಬೇಕು? ಎಷ್ಟು ಬಟನ್ ಇಡಬೇಕು?
– ಓದುಗರು, ಬಸವನ ಬಾಗೇವಾಡಿ

ಉತ್ತರ: ಬಟನ್ ಎಣಿಸುವ ಮೊದಲು ಭುಜ ಅಳೆಯಿರಿ. ಪಗಡಿ ಆಡುವಾಗ ನಾಲ್ವರು ನಾಲ್ಕು ಕಡೆ ಕೂರುತ್ತಾರೆ. ಯಾರ ಮೊಣಕೈಯೂ ಯಾರಿಗೂ ತಗಲುವುದಿಲ್ಲ. ಇಲ್ಲಿ ನಾಲ್ವರೂ ಒಂದೇ ಪರದೆಗೆ ಮುಖ ಮಾಡಿ ನಿಲ್ಲಬೇಕು. ಬೆಳೆದ ಆಳು ಆರಾಮಾಗಿ ನಿಲ್ಲಲು 45ರಿಂದ 50 ಸೆಂ.ಮೀ. ಜಾಗ ಬೇಕು. ನಾಲ್ವರನ್ನು ಸಾಲಾಗಿ ನಿಲ್ಲಿಸಿದರೆ ಹಲಗೆ ಹತ್ತಿರ ಹತ್ತಿರ 2 ಮೀಟರ್ ಆಗುತ್ತದೆ. ತುದಿಯವರಿಗೆ ಪರದೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಮಧ್ಯದ ಇಬ್ಬರನ್ನು ನೇರ ನಿಲ್ಲಿಸಿ, ಎರಡು ತುದಿಗಳಲ್ಲಿ ಹಲಗೆಯ ಅಂಚನ್ನು ಓರೆಯಾಗಿ ಕತ್ತರಿಸುವುದು ರೂಢಿ. ತುದಿಯವರು ಕೊಂಚ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. 110ರಿಂದ 120 ಸೆಂ.ಮೀ. ಹಲಗೆಯಲ್ಲಿ ಎಲ್ಲರಿಗೂ ಜಾಗವಾಗುತ್ತದೆ. ಎತ್ತರ ನೆಲದಿಂದ 90–95 ಸೆಂ.ಮೀ. ಇರಲಿ. ಬಟನ್‌ಗಳ ಮುಂದೆ ಅಂಗೈ ಊರಲು 8–10 ಸೆಂ.ಮೀ. ಖಾಲಿ ಬಿಡಿ, ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಮಣಿಕಟ್ಟು ನೋಯುತ್ತದೆ.

ಬಹಳ ಮಂದಿ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅಂಚು ಓರೆಯಾಯಿತೆಂದು ತುದಿಯ ಜಾಯ್‌ಸ್ಟಿಕ್ಕನ್ನೂ ಅದಕ್ಕೆ ಸರಿಯಾಗಿ ತಿರುಗಿಸಿ ಕೂರಿಸುತ್ತಾರೆ. ಜಾಯ್‌ಸ್ಟಿಕ್ಕಿನ ಬುಡದಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂದು ನಾಲ್ಕು ಸಣ್ಣ ಸ್ವಿಚ್ ಇರುತ್ತವೆ. ಮೂಲೆಗೆ ದೂಡಿದಾಗ ಎರಡು ಸ್ವಿಚ್ ಒಟ್ಟಿಗೆ ಒತ್ತುತ್ತವೆ. ಬುಡವೇ 40 ಡಿಗ್ರಿ ತಿರುಗಿದ್ದರೆ, ನೀವು ಪರದೆಯ ಕಡೆ ನೇರವಾಗಿ ದೂಡಿದರೂ ಆಟದೊಳಗಿನವನು ಮೂಲೆಗೆ ಓಡುತ್ತಾನೆ. ಆಡುವವನ ಕಣ್ಣು ಹಲಗೆಯ ಮೇಲಲ್ಲ, ಪರದೆಯ ಮೇಲೆ ಇರುತ್ತದೆ. ಹಾಗಾಗಿ ಅಂಚು ಎಷ್ಟೇ ಓರೆ ಇರಲಿ, ನಾಲ್ಕೂ ಜಾಯ್‌ಸ್ಟಿಕ್ಕಿನ ‘ಮೇಲೆ’ ಪರದೆಯ ಕಡೆಗೇ ಇರಬೇಕು. ಬಟನ್‌ಗಳ ಸಾಲು ಬೇಕಾದರೆ ಓರೆಯಾಗಲಿ.

ಈಗ ಬಟನ್ ಲೆಕ್ಕ. ನೀವು ಹೇಳುವ ‘ಮುಸ್ತಫಾ’ ಕ್ಯಾಪ್‌ಕಾಮ್ ಕಂಪನಿಯ 1993ರ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅದರಲ್ಲಿ ಆರಿಸಿಕೊಳ್ಳಲು ನಾಲ್ಕು ಪಾತ್ರಗಳಿದ್ದರೂ ಒಮ್ಮೆಗೆ ಆಡುವವರು ಮೂವರೇ. ಅದೊಂದನ್ನೇ ನಂಬಿದರೆ ನಿಮ್ಮಲ್ಲಿ ಒಬ್ಬ ಯಾವಾಗಲೂ ನೋಡುತ್ತ ನಿಲ್ಲಬೇಕಾಗುತ್ತದೆ. ನಾಲ್ವರಿಗೆಂದೇ ಮಾಡಿದ ಆಟಗಳಲ್ಲಿ ಅಟಾರಿಯ ‘ಗಾಂಟ್ಲೆಟ್’ (1985), ಕೊನಾಮಿಯ ‘ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್’ (1989) ಹೆಸರಾದವು. ಎರಡಕ್ಕೂ ಆಳಿಗೆ ಎರಡೇ ಬಟನ್ ಸಾಕು; ಮುಸ್ತಫಾಗೂ ಹೊಡೆಯಲು ಒಂದು, ಜಿಗಿಯಲು ಒಂದು. ಆರು ಬಟನ್ ಬೇಡುವುದು 1991ರ ‘ಸ್ಟ್ರೀಟ್ ಫೈಟರ್ 2’ರಂಥ ಕಾದಾಟದ ಆಟಗಳು, ಅವನ್ನು ಆಡುವವರು ಇಬ್ಬರೇ. ಆದ್ದರಿಂದ ಮಧ್ಯದ ಇಬ್ಬರಿಗೆ ಆರಾರು, ತುದಿಯ ಇಬ್ಬರಿಗೆ ಒಂದು ಹೆಚ್ಚಿಗೆಯೇ ಇರಲೆಂದು ಮೂರು ಮೂರು ಇಡಿ. ಜತೆಗೆ ತಲಾ ಒಂದು ಸ್ಟಾರ್ಟ್ ಬಟನ್. ಅದನ್ನು ಆಟದ ನಡುವೆ ಕೈ ತಗಲದಂತೆ ಮೇಲಂಚಿನಲ್ಲಿ ಕೂರಿಸಿ. ಗಾಂಟ್ಲೆಟ್ ಪೆಟ್ಟಿಗೆಯಲ್ಲಿ ಕೆಂಪು, ನೀಲಿ, ಹಳದಿ, ಹಸಿರು ಎಂದು ಒಬ್ಬೊಬ್ಬರ ಜಾಗಕ್ಕೆ ಒಂದೊಂದು ಬಣ್ಣವಿತ್ತು. ನೀವೂ ಹಾಗೇ ಮಾಡಿ, ಗದ್ದಲದಲ್ಲೂ ತನ್ನ ಜಾಗ ಯಾವುದೆಂದು ಯಾರೂ ಕೇಳಬೇಕಾಗುವುದಿಲ್ಲ.

ಆಟಗಳು ಹಳೆಯವಾದರೂ ಅವುಗಳ ಹಕ್ಕು ಇವತ್ತಿಗೂ ಕಂಪನಿಗಳ ಕೈಯಲ್ಲೇ ಇದೆ. ಕೊನಾಮಿ 2022ರಲ್ಲಿ ಟರ್ಟಲ್ಸ್ ಆಟಗಳನ್ನು ‘ಕವಾಬಂಗಾ ಕಲೆಕ್ಷನ್’ ಎಂದು ಒಟ್ಟುಮಾಡಿ ಕಂಪ್ಯೂಟರಿಗೂ ಬಿಟ್ಟಿದೆ. ಕೊಂಡು ಆಡಿ.

ಮರದ ಕೆಲಸಕ್ಕೆ ನಿಮ್ಮೂರಿನ ಬಡಿಗೇರರು ಸಾಕು, ಆದರೆ ಸಾಮಾನು ತಂದ ಮೇಲೆಯೇ ತೂತು ಹಾಕಿಸಿ. ಬಟನ್‌ಗಳಲ್ಲಿ ಸುಮಾರು 28 ಮಿ.ಮೀ. ತೂತಿನವೂ ಇವೆ, 30 ಮಿ.ಮೀ.ನವೂ ಇವೆ. 18 ಮಿ.ಮೀ. ಪ್ಲೈವುಡ್ ಗಟ್ಟಿ ನಿಜ, ಆದರೆ ಒತ್ತಿ ಕೂರಿಸುವ ಜಾತಿಯ ಬಟನ್ ಅಷ್ಟು ದಪ್ಪದಲ್ಲಿ ನಿಲ್ಲುವುದಿಲ್ಲ. ಉದ್ದ ತಿರುಪಿನ, ಕೆಳಗಿಂದ ನಟ್ ಬಿಗಿಯುವ ಬಟನ್ ತನ್ನಿ. ಜಾಯ್‌ಸ್ಟಿಕ್ ಕೂರುವ ಕಡೆ ಹಲಗೆಯ ಅಡಿಭಾಗವನ್ನು ಕೆತ್ತಿ ತೆಳ್ಳಗೆ ಮಾಡಿಸಬೇಕು, ಇಲ್ಲವಾದರೆ ಹಿಡಿಕೆ ಗಿಡ್ಡಾಗುತ್ತದೆ. ಸನ್‌ಮೈಕಾ ಅಂಟಿಸಿದ ಮೇಲೆ, ಅಡಿಯಲ್ಲೊಂದು ಹಾಳು ಹಲಗೆ ಒತ್ತಿಟ್ಟು ಮೇಲಿಂದ ಹೋಲ್‌ಸಾ ಓಡಿಸಿದರೆ ಅಂಚು ಸಿಬರೇಳುವುದಿಲ್ಲ.

ಬಟನ್‌ಗಳನ್ನು ಪೆಟ್ಟಿಗೆಯೊಳಗಿನ ಕಂಪ್ಯೂಟರಿಗೆ ಜೋಡಿಸುವ ವೈರಿಂಗಿನಲ್ಲಿ ಖರ್ಚು ಉಳಿಸಲು ಹಳೆಯ ಕೀಬೋರ್ಡನ್ನು ಬಿಚ್ಚಿ ಅದರ ಬೋರ್ಡು ಬಳಸುವ ಆಸೆ ಬರಬಹುದು. ನಾಲ್ವರಿಗೆ ಅದು ಸಾಲದು. ಸಾಮಾನ್ಯ ಯುಎಸ್‌ಬಿ ಕೀಬೋರ್ಡು ಶಿಫ್ಟ್, ಕಂಟ್ರೋಲ್‌ನಂಥವನ್ನು ಬಿಟ್ಟರೆ ಒಮ್ಮೆಗೆ ಆರು ಕೀಗಳನ್ನಷ್ಟೇ ತಿಳಿಸಬಲ್ಲದು. ನಾಲ್ವರೂ ಮೂಲೆಗೆ ದೂಡುತ್ತ ಒಂದು ಬಟನ್ ಒತ್ತಿದರೆ ತಲಾ ಮೂರರಂತೆ ಹನ್ನೆರಡು ಸ್ವಿಚ್ ಆಯಿತು. ಉಳಿದ ಆರು ಕಳೆದುಹೋಗುತ್ತವೆ, ಸರಿಯಾಗಿ ಒತ್ತಿದವನೂ ಸೋಲುತ್ತಾನೆ. ಆಳಿಗೊಂದು ಯುಎಸ್‌ಬಿ ಎನ್‌ಕೋಡರ್ ಬೋರ್ಡು ಹಾಕಿ; ಕಂಪ್ಯೂಟರಿಗೆ ಅವು ನಾಲ್ಕು ಬೇರೆ ಬೇರೆ ಗೇಮ್‌ಪ್ಯಾಡಿನಂತೆ ಕಾಣುತ್ತವೆ. ಒಂದೇ ಜಾತಿಯ ನಾಲ್ಕು ಬೋರ್ಡುಗಳ ಸರದಿ ಅದಲುಬದಲಾಗುವುದುಂಟು. ಅದಕ್ಕೆ ಪ್ರತಿ ಕೇಬಲ್ಲಿಗೂ ಅದು ಹೋಗುವ ಪೋರ್ಟಿಗೂ 1, 2, 3, 4 ಎಂದು ಚೀಟಿ ಅಂಟಿಸಿ, ಪ್ರತಿಸಲವೂ ಹಾಗೇ ಚುಚ್ಚಿ. ಸ್ವಿಚ್ಚಿನಲ್ಲಿ ಮೂರು ಕಾಲು ಕಂಡರೆ ವೈರು ಹೋಗಬೇಕಾದದ್ದು ‘ಕಾಮನ್’ ಮತ್ತು ‘ನಾರ್ಮಲಿ ಓಪನ್’ ಎಂಬ ಎರಡಕ್ಕೆ.

ನಿಮ್ಮ ಪೆಟ್ಟಿಗೆ ನಾಲ್ಕು ತಾಲ್ಲೂಕು ತಿರುಗಬೇಕು, ಟಂಟಂ ಹತ್ತಬೇಕು, ಬಾಗಿಲು ದಾಟಬೇಕು. ಹಾಗಾಗಿ ಹಲಗೆ ಪೆಟ್ಟಿಗೆಯಿಂದ ಬಿಚ್ಚಿ ಬರುವಂತಿರಲಿ: ಎರಡು ಬೋಲ್ಟ್, ನಾಲ್ಕು ಬೋರ್ಡುಗಳನ್ನೂ ಕೂಡಿಸುವ ಒಂದು ಯುಎಸ್‌ಬಿ ಹಬ್, ಹೊರಗೆ ಬರುವುದು ಒಂದೇ ಕೇಬಲ್. ಕುಲುಕಾಟಕ್ಕೆ ನಟ್ ಸಡಿಲವಾಗುವುದು ಸಹಜ. ಸ್ಪ್ಯಾನರ್ ಒಂದನ್ನು ಪೆಟ್ಟಿಗೆಯೊಳಗೇ ಇಡಿ. ಪರದೆ ಕೊಳ್ಳುವಾಗ ಐಪಿಎಸ್ ಜಾತಿಯದೇ ಕೇಳಿ, ಪಕ್ಕದಿಂದ ನೋಡುವವರಿಗೂ ಬಣ್ಣ ಕೆಡುವುದಿಲ್ಲ.

ಮುಂದಿನ ಸಲ ಕೂಡಿದಾಗ ಇಷ್ಟು ಮಾಡಿ. ದೊಡ್ಡ ರಟ್ಟನ್ನು ಹಲಗೆಯ ಅಳತೆಗೆ ಕತ್ತರಿಸಿ ಮೇಜಿನ ಮೇಲಿಡಿ. ನಾಲ್ವರೂ ಕೈ ಊರಿ ನಿಲ್ಲಿ, ಬೆರಳು ಬಿದ್ದಲ್ಲಿ ಗುರುತು ಹಾಕಿ, ಸ್ವಲ್ಪ ಹೊತ್ತು ಹಾಗೇ ಆಡುವಂತೆ ಕೈಯಾಡಿಸಿ. ಮೊಣಕೈ ತಾಕಿದರೆ ಗುರುತು ಸರಿಸಿ. ಆಮೇಲೆ ಒಂದು ಜಾಯ್‌ಸ್ಟಿಕ್, ಎರಡು ಬಟನ್, ಒಂದು ಬೋರ್ಡು ತರಿಸಿ ಪ್ಲೈವುಡ್ ತುಂಡಿಗೆ ಕೂರಿಸಿ ಒಂದು ಆಟ ಪೂರ್ತಿ ಆಡಿ. ಅದು ನಾಲ್ವರ ಕೈಗೂ ಒಗ್ಗಿತು ಎಂದ ಮೇಲೆಯೇ ಉಳಿದ ಮೂರು ಸೆಟ್ಟಿಗೆ ದುಡ್ಡು ಕೂಡಿಸಿ.