ನೆಲದೊಳಗಿನ ಮಳೆನೀರು ಕೊಳವೆ: ಅನುಮತಿಯೋ, ಹಕ್ಕೋ?

ಕೈಗಾರಿಕಾ ನಿವೇಶನವನ್ನು ಕೊಳ್ಳುವವರು ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಚಕ್ಕುಬಂದಿ ಹಾಗೂ ತೆರಿಗೆ ರಸೀದಿಗಳನ್ನು ತಪ್ಪದೆ ಪರಿಶೀಲಿಸುತ್ತಾರೆ. ಆದರೆ ನೆಲದಡಿಯಲ್ಲಿ ಹಾದುಹೋಗಿರುವ ನೆರೆಯವರ ಮಳೆನೀರು ಕೊಳವೆಯು ಈ ಯಾವ ಕಾಗದದಲ್ಲಿಯೂ ಕಾಣದಿರಬಹುದು. ತಳಪಾಯಕ್ಕಾಗಿ ನೆಲ ಅಗೆದ ದಿನವೇ ಅದು ಗೋಚರಿಸುತ್ತದೆ. ವ್ಯಾಜ್ಯವೂ ಅಂದೇ ಆರಂಭವಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸೋಣ. ‘ಅ’ ಎಂಬುವರ ಕಾರ್ಖಾನೆ ಎತ್ತರದಲ್ಲಿದೆ. 1998ರಲ್ಲಿ ಅವರು ತಮ್ಮ ಛಾವಣಿಯ ನೀರನ್ನು ಕೆಳಗಿನ ‘ಬ’ ಅವರ ನಿವೇಶನದ ಮೂಲಕ ರಸ್ತೆಯ ಚರಂಡಿಗೆ ಕೊಳವೆಯಲ್ಲಿ ಹರಿಸಿದರು. ಬರವಣಿಗೆಯಲ್ಲಿ ಏನೂ ಇಲ್ಲ. 2021ರಲ್ಲಿ ‘ಬ’ ಅವರು ನಿವೇಶನವನ್ನು ‘ಕ’ ಅವರಿಗೆ ಮಾರಿದರು. ‘ಕ’ ಅವರು 2022ರಲ್ಲಿ ಕಟ್ಟಡಕ್ಕಾಗಿ ಕೊಳವೆಯನ್ನು ತುಂಡರಿಸಿದರು; ಮೊದಲ ಮಳೆಗೇ ‘ಅ’ ಅವರ ಗೋದಾಮಿಗೆ ನೀರು ನುಗ್ಗಿತು. ಇಲ್ಲಿ ನ್ಯಾಯ ಯಾರ ಪರ?

ಸಹಜ ಹರಿವು ಮತ್ತು ಕೊಳವೆಯ ನೀರು

ಇಂತಹ ಪ್ರಶ್ನೆಗಳಿಗೆ 1882ರ ಭಾರತೀಯ ಅನುಭೋಗದ ಹಕ್ಕುಗಳ ಕಾಯ್ದೆಯೇ (ಈಸ್‌ಮೆಂಟ್ ಕಾಯ್ದೆ) ಆಧಾರ. ಮೇಲಿನ ಭೂಮಿಯಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಭೂಮಿಗೆ ಹರಿಯುವುದಕ್ಕೆ ಕೆಳಗಿನವರು ಅವಕಾಶ ಕೊಡಬೇಕೆಂಬುದು ಕಲಂ 7ರ ವಿವರಣೆಗಳಲ್ಲಿ ಸೇರಿದೆ. ಆದರೆ ಛಾವಣಿಯ ನೀರನ್ನು ಒಟ್ಟುಗೂಡಿಸಿ ಕೊಳವೆಯಲ್ಲಿ ಬಿಡುವುದು ಸಹಜ ಹರಿವಲ್ಲ. 10,000 ಚದರ ಅಡಿ ಛಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 46,000 ಲೀಟರ್ ನೀರು ಸಂಗ್ರಹವಾಗುತ್ತದೆ. ಇಷ್ಟು ನೀರನ್ನು ಪರರ ಭೂಮಿಯ ಮೂಲಕ ಸಾಗಿಸಲು ಪ್ರತ್ಯೇಕ ಹಕ್ಕು ಬೇಕು.

ಇಪ್ಪತ್ತು ವರ್ಷಗಳ ಲೆಕ್ಕ

ಕಲಂ 15ರ ಪ್ರಕಾರ ಶಾಂತಿಯುತವಾಗಿ, ಬಹಿರಂಗವಾಗಿ, ಹಕ್ಕೆಂದು ಭಾವಿಸಿ, ಅಡ್ಡಿಯಿಲ್ಲದೆ 20 ವರ್ಷ ಬಳಸಿದರೆ ಅನುಭೋಗದ ಹಕ್ಕು ಪ್ರಾಪ್ತವಾಗುತ್ತದೆ. ಸರ್ಕಾರಿ ಭೂಮಿಗೆ ಈ ಅವಧಿ 30 ವರ್ಷ. ಈ ಅವಧಿಯು ದಾವೆ ಹೂಡುವ ಮುನ್ನಿನ ಎರಡು ವರ್ಷಗಳೊಳಗೆ ಕೊನೆಗೊಂಡಿರಬೇಕು. ಆದುದರಿಂದ ಕೊಳವೆ ತುಂಡಾದ ಮೇಲೆ ಸಂಧಾನದ ನೆಪದಲ್ಲಿ ಎರಡು ವರ್ಷ ಕಳೆಯುವುದು ‘ಅ’ ಅವರಿಗೆ ಅಪಾಯಕಾರಿ.

‘ಬಹಿರಂಗವಾಗಿ’ ಎಂಬ ಪದವೂ ಮುಖ್ಯ. ಕೊಳವೆ ನೆಲದೊಳಗಿದ್ದರೂ ಅದರ ಬಾಯಿ, ಮ್ಯಾನ್‌ಹೋಲ್ ಮುಚ್ಚಳ ಮೊದಲಾದ ಗುರುತುಗಳು ಮೇಲೆ ಕಾಣುತ್ತಿದ್ದವೇ ಎಂಬುದು ಸಾಕ್ಷ್ಯದ ವಿಷಯ. ತಿಳಿದವರು ಎಚ್ಚರಿಕೆಯಿಂದ ಪರೀಕ್ಷಿಸಿದರೆ ಪತ್ತೆಯಾಗಬಲ್ಲ ಚರಂಡಿಯನ್ನು ಕಲಂ 5ರ ವಿವರಣೆಯು ಗೋಚರವಾದ ಹಕ್ಕೆಂದೇ ಪರಿಗಣಿಸಿದೆ.

ಅನುಮತಿಯ ಬಲ ಮತ್ತು ದೌರ್ಬಲ್ಯ

‘ಬ’ ಅವರು ಸ್ನೇಹದಿಂದ “ಸದ್ಯಕ್ಕೆ ಹಾಕಿಕೊಳ್ಳಿ” ಎಂದು ಒಪ್ಪಿದ್ದರೆ ಅದು ಕೇವಲ ಅನುಮತಿ. ಅನುಮತಿಯ ಮೇಲಿನ ಬಳಕೆಯು ಎಷ್ಟು ವರ್ಷ ಸಂದರೂ ಹಕ್ಕಾಗಿ ಬೆಳೆಯುವುದಿಲ್ಲ. ಕಲಂ 59ರಂತೆ ಅನುಮತಿ ಕೊಟ್ಟವರು ಸ್ವತ್ತನ್ನು ಮಾರಿದರೆ, ಕೊಂಡವರು ಆ ಕಾರಣಮಾತ್ರದಿಂದ ಅದಕ್ಕೆ ಬದ್ಧರಲ್ಲ. ಆದರೆ ಅನುಮತಿಯನ್ನು ನಂಬಿ ಖರ್ಚು ಮಾಡಿ ಶಾಶ್ವತ ಕಾಮಗಾರಿ ನಡೆಸಿದ್ದರೆ, ಅದನ್ನು ಕೊಟ್ಟವರು ಹಿಂಪಡೆಯಲಾಗದೆಂದು ಕಲಂ 60 ಹೇಳುತ್ತದೆ. ಹೀಗಾಗಿ 1998ರಲ್ಲಿ ಆಡಿದ ಒಂದು ಮಾತಿನ ಮೇಲೆ ಇಂದಿನ ಕಾರ್ಖಾನೆಯ ಭವಿಷ್ಯ ನಿಂತಿದೆ. ಆ ಮಾತಿಗೆ ಸಾಕ್ಷಿ ಇಲ್ಲದಿರುವುದೇ ಉಭಯತರ ಸಂಕಟ.

ಹಕ್ಕಿನ ಜೊತೆಗೆ ಹೊಣೆ

ಹಕ್ಕು ಸ್ಥಾಪಿತವಾದರೂ ಅದು ಮಿತಿಯಿಲ್ಲದ್ದಲ್ಲ. ಕೊಳವೆಯ ದುರಸ್ತಿಗಾಗಿ ನೆರೆಯ ಭೂಮಿಯನ್ನು ಅಗೆಯಬಹುದು. ಆದರೆ ನೆಲವನ್ನು ಮೊದಲಿನ ಸ್ಥಿತಿಗೆ ತರಬೇಕು (ಕಲಂ 24). ವೆಚ್ಚವು ಹಕ್ಕುದಾರರದೇ (ಕಲಂ 25). ದುರಸ್ತಿಯಿಲ್ಲದೆ ಕೊಳವೆ ಸೋರಿ ನೆರೆಯ ಸ್ವತ್ತಿಗೆ ಹಾನಿಯಾದರೆ ಪರಿಹಾರ ಕೊಡಬೇಕು (ಕಲಂ 26). ಬಳಕೆಯ ರೀತಿಯನ್ನು ಬದಲಿಸುವಾಗ ನೆರೆಯವರ ಭೂಮಿಗೆ ಹೆಚ್ಚಿನ ಹೊರೆ ಹೊರಿಸುವಂತಿಲ್ಲ (ಕಲಂ 23). ಛಾವಣಿಯನ್ನು ಇಮ್ಮಡಿಗೊಳಿಸಿ ಆ ನೀರನ್ನೂ ಹಳೆಯ ಕೊಳವೆಗೆ ತಿರುಗಿಸುವವರು ಇದನ್ನು ನೆನಪಿಡಬೇಕು.

ಕೊಳವೆಗೆ ಯಾರಾದರೂ ಅಡ್ಡಿ ಕಟ್ಟಿದರೆ ಹಕ್ಕುದಾರರು ತಾವೇ ಅದನ್ನು ಒಡೆಯುವಂತಿಲ್ಲವೆಂದು ಕಲಂ 36 ತಿಳಿಸುತ್ತದೆ. ನ್ಯಾಯಾಲಯದಿಂದ ನಿರ್ಬಂಧಕಾಜ್ಞೆ ಮತ್ತು ನಷ್ಟಪರಿಹಾರ ಕೋರುವುದೇ ಸರಿಯಾದ ಮಾರ್ಗ. ಸ್ಥಳ ಪರಿಶೀಲನೆಗೆ ಕಮಿಷನರನ್ನು ನೇಮಿಸುವಂತೆಯೂ ಕೇಳಬಹುದು.

ಉದ್ಯಮಿಗಳು ವಹಿಸಬೇಕಾದ ಎಚ್ಚರ

1. ಖರೀದಿಗೆ ಮುನ್ನ ಇಂಜಿನಿಯರರೊಡನೆ ಸ್ಥಳವನ್ನು ನೋಡಬೇಕು. ಸಾಧ್ಯವಾದರೆ ಮಳೆಗಾಲದಲ್ಲಿಯೇ ನೋಡುವುದು ಒಳಿತು. ಕೊಳವೆಯು ಖಾಸಗಿಯೋ, ಸ್ಥಳೀಯ ಸಂಸ್ಥೆಗೆ ಸೇರಿದ್ದೋ ಎಂಬುದನ್ನು ವಿಚಾರಿಸಬೇಕು.

2. ಸುಲಭವಾಗಿ ಪತ್ತೆಯಾಗದ ಗಣನೀಯ ದೋಷವು ಮಾರಾಟಗಾರರಿಗೆ ತಿಳಿದಿದ್ದರೆ, ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 55ರಂತೆ ಅವರು ಅದನ್ನು ತಿಳಿಸಲೇಬೇಕು. ಈ ಬಗ್ಗೆ ಕ್ರಯಪತ್ರದಲ್ಲಿ ಸ್ಪಷ್ಟ ಹೇಳಿಕೆ ಪಡೆಯಬೇಕು.

3. ಶಾಶ್ವತ ಹಕ್ಕು ಕೊಡುವುದಾದರೆ ಕೊಳವೆಯ ಮಾರ್ಗ, ವ್ಯಾಸ, ಆಳ ಹಾಗೂ ದುರಸ್ತಿಯ ಹೊಣೆಯನ್ನು ನಕ್ಷೆಸಹಿತ ಬರೆದು ನೋಂದಾಯಿಸಬೇಕು. ಆಗ ಮುಂದಿನ ಖರೀದಿದಾರರಿಗೂ ವಿಷಯ ತಿಳಿಯುತ್ತದೆ.

4. ತಾತ್ಕಾಲಿಕ ಅನುಮತಿಯಾದರೆ ಅದರ ಅವಧಿಯನ್ನೂ ಕೊಳವೆ ತೆಗೆಯುವ ಷರತ್ತನ್ನೂ ಬರವಣಿಗೆಯಲ್ಲಿ ಇಡಬೇಕು.

5. ಕುಟುಂಬದ ಸ್ವತ್ತು ವಿಭಾಗವಾಗುವಾಗ ಚರಂಡಿಗಳನ್ನೂ ವಿಭಾಗಪತ್ರದಲ್ಲಿ ನಮೂದಿಸಬೇಕು. ಗೋಚರವಾಗಿ ನಿರಂತರ ಬಳಕೆಯಲ್ಲಿರುವ, ಪಾಲಿನ ಅನುಭೋಗಕ್ಕೆ ಅವಶ್ಯವಾದ ಸೌಲಭ್ಯವು ಕಲಂ 13ರಂತೆ ಆ ಪಾಲಿನೊಂದಿಗೇ ಸಾಗಬಹುದು.

6. ದಾವೆ ಬಾಕಿಯಿದ್ದರೆ ಅದನ್ನು ಲೆಕ್ಕಪರಿಶೋಧಕರ ಗಮನಕ್ಕೆ ತರಬೇಕು. ಲೆಕ್ಕಪತ್ರ ಮಾನಕ 29 ಅನ್ವಯಿಸುವ ಸಂಸ್ಥೆಗಳು ಅದಕ್ಕೆ ಮೀಸಲು ಇಡಬೇಕೋ, ಸಂಭಾವ್ಯ ಹೊಣೆಯೆಂದು ಪ್ರಕಟಿಸಿದರೆ ಸಾಕೋ ಎಂಬುದನ್ನು ನಿರ್ಧರಿಸಬೇಕಾಗುತ್ತದೆ.

ಮೇಲಿನ ಉದಾಹರಣೆಯಲ್ಲಿ 1998ರಿಂದ 2022ರವರೆಗೆ 24 ವರ್ಷಗಳು ಸಂದಿವೆ. ಬಳಕೆಯು ಹಕ್ಕಿನಿಂದ, ಬಹಿರಂಗವಾಗಿ ನಡೆದಿತ್ತೆಂದು ರುಜುವಾತುಪಡಿಸಿ ಸಕಾಲದಲ್ಲಿ ದಾವೆ ಹೂಡಿದರೆ ‘ಅ’ ಅವರ ಪಕ್ಷ ಬಲವಾಗುತ್ತದೆ. ಅದು ಬರಿಯ ಅನುಮತಿಯೆಂದು ಸಾಬೀತಾದರೆ ‘ಕ’ ಅವರ ಕೈ ಮೇಲಾಗುತ್ತದೆ. ಕೊಳವೆ ಹಾಕಿದ ದಿನವೇ ಒಂದು ಕರಾರುಪತ್ರವನ್ನು ಬರೆದು ನೋಂದಾಯಿಸಿದ್ದರೆ ಇಬ್ಬರೂ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತಿರಲಿಲ್ಲ.