ಬೆರಳ ತುದಿಯ ಹನಿ
ಯಂತ್ರವನ್ನು ಚಿಕ್ಕದು ಮಾಡುವುದೇ ದೊಡ್ಡ ಸವಾಲು ಎಂದು ಹಲವರು ಭಾವಿಸುತ್ತಾರೆ. ಬೆಂಗಳೂರಿನಲ್ಲಿ ಅದು ಅಷ್ಟು ಕಷ್ಟವಲ್ಲ. ಎಲ್‌ಇಡಿ, ಸೆನ್ಸರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಕವಚದ ಅಚ್ಚು ಪೀಣ್ಯದಲ್ಲಿ ಆಗುತ್ತದೆ. ಹಿಮೋಗ್ಲೋಬಿನ್ ಅಳೆಯುವ ಅಂಗೈಯಗಲದ ಯಂತ್ರ ಮಾಡಲು ಯಲಹಂಕದ ನಮ್ಮ ಪುಟ್ಟ ತಂಡ ಕೂತಾಗ ಪೆಟ್ಟಿಗೆ ಬೇಗನೇ ಸಿದ್ಧವಾಯಿತು. ವರ್ಷಗಳು ಹಿಡಿದದ್ದು ಅದಕ್ಕೆ ಹಾಕುವ ಹನಿ ರಕ್ತವನ್ನು ಅರಿಯುವುದಕ್ಕೆ.

ಲ್ಯಾಬಿಗೆ ಬರುವುದು ರಕ್ತನಾಳದಿಂದ ತೆಗೆದು, ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ ರಕ್ತ. ಹೊರಗೆ ಸಿಗುವುದು ಬೆರಳ ತುದಿಯ ಹನಿ. ಚಳಿಗಾಲದ ಬೆಳಿಗ್ಗೆ ಯಲಹಂಕದಾಚೆಯ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಹೋದರೆ, ತಣ್ಣೀರಲ್ಲಿ ಪಾತ್ರೆ ತೊಳೆದು ಬಂದ ಗರ್ಭಿಣಿಯರ ಕೈ ಮರಗಟ್ಟಿರುತ್ತದೆ. ಗಾರೆ ಕೆಲಸ ಮಾಡಿ ಬೆರಳ ಚರ್ಮ ದಪ್ಪವಾಗಿರುತ್ತದೆ. ಚುಚ್ಚಿದರೂ ರಕ್ತ ಬರುವುದಿಲ್ಲ. ಬರಲಿಲ್ಲವೆಂದು ಬೆರಳು ಹಿಂಡಿದರೆ ಅಂಗಾಂಶದ ನೀರು ಬೆರೆತು ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. “ಮೇಡಂ, ಮೊದ್ಲು ಕೈ ಉಜ್ಜಿ ಬಿಸಿ ಮಾಡ್ಸಿ, ಸ್ವಲ್ಪ ಕೆಳಗೆ ಇಳಿಬಿಡ್ಲಿ, ಆಮೇಲೆ ಚುಚ್ಚಿ” ಎಂದು ತೋರಿಸಿಕೊಟ್ಟವರು ಒಬ್ಬ ಹಿರಿಯ ಆಶಾ ಕಾರ್ಯಕರ್ತೆ. ಬೆರಳ ತುದಿಯ ನಡುಭಾಗಕ್ಕೆ ಬೇಡ, ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿಬಿಡಿ ಎಂದವರೂ ಅವರೇ. ಅವರ ಆ ಕ್ರಮವೇ ಈಗ ನಮ್ಮ ಯಂತ್ರದ ಪರದೆಯಲ್ಲಿ ಮೊದಲು ಚಿತ್ರಗಳಾಗಿ ಬರುತ್ತದೆ.

ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ, ನಾವು ಅಳೆಯುವುದು ಅದನ್ನೇ. ಶೆಡ್ಡಿನ ಬಾಗಿಲಲ್ಲಿ ಕೂತರೆ ಬಿಸಿಲು ಒಳಗೆ ನುಸುಳಿ ಲೆಕ್ಕ ಕೆಡಿಸುತ್ತದೆ. ಹನಿ ಹಾಕುವ ಸ್ಟ್ರಿಪ್ಪಿನ ಸಣ್ಣ ಕಾಲುವೆ ಅರ್ಧವೇ ತುಂಬಿದರೂ ಅಷ್ಟೇ. ಹಾಗಾದಾಗ ಯಂತ್ರ ಅಂಕಿಯನ್ನೇ ಕೊಡಬಾರದು ಎಂದು ಹಟ ಹಿಡಿದೆ. ಅಂದಾಜಿನ ಅಂಕಿಗಿಂತ ಇನ್ನೊಮ್ಮೆ ಚುಚ್ಚುವ ನೋವು ಮೇಲು.

ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದವರು ನಮ್ಮ ಊರಲ್ಲೇ ಇದ್ದಾರೆ. ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ನವಕಾಂತ ಭಟ್ ಅವರ ಸಂಶೋಧನೆಯಿಂದ ಬೆಳೆದ ಪಾಥ್‌ಶೋಧ್ ಕಂಪನಿಯ ಅನುಪಾಥ್, ಸ್ಟ್ರಿಪ್ ಬದಲಿಸಿದರೆ ಒಂದೇ ಯಂತ್ರದಲ್ಲಿ ಎಚ್‌ಬಿಎ1ಸಿ, ಹಿಮೋಗ್ಲೋಬಿನ್‌ನಂಥ ಹಲವು ಪರೀಕ್ಷೆ ಮಾಡುತ್ತದೆ. ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಕ್ಷಯ ಪತ್ತೆಗೆ ಪಿಸಿಆರ್ ಅನ್ನು ಬ್ಯಾಟರಿ ಮೇಲೆ ನಡೆಸಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅನುಮೋದಿಸಿತು. ಅದರ ರಾಸಾಯನಿಕಗಳನ್ನು ಫ್ರಿಜ್ ಬೇಡದಂತೆ ಒಣಗಿಸಿ ಇಟ್ಟಿರುವುದು ನನಗೆ ಬಹಳ ಮೆಚ್ಚುಗೆ. ಕರೆಂಟ್ ಹೋಗುವ ಆರೋಗ್ಯ ಕೇಂದ್ರವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಅಂಥ ಯೋಚನೆ ಬರುತ್ತದೆ.

ಈಗ ನಮ್ಮ ಗಮನವೆಲ್ಲ ಹಿಮೋಗ್ಲೋಬಿನ್‌ನ ಕೆಳಮಟ್ಟದ ಅಂಕಿಗಳ ಮೇಲೆ. ಗರ್ಭಿಣಿಗೆ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. 11ರ ಆಸುಪಾಸಿನಲ್ಲಿ ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೆ ಕಬ್ಬಿಣಾಂಶದ ಮಾತ್ರೆಯ ಲೆಕ್ಕ ಬದಲಾದೀತು. 7ರ ಹತ್ತಿರ ಹಾಗಾದರೆ, ಆಸ್ಪತ್ರೆಗೆ ಕಳಿಸಬೇಕಾದ ತಾಯಿ ಮಾತ್ರೆ ಹಿಡಿದು ಮನೆಗೆ ಹೋಗುತ್ತಾಳೆ. ಅದಕ್ಕೇ ನಮ್ಮ ಹೊಸ ಸ್ಟ್ರಿಪ್ಪುಗಳ ಪರೀಕ್ಷೆಯನ್ನು 6ರಿಂದ 8ರ ನಡುವೆಯೇ ಹೆಚ್ಚು ಮಾಡುತ್ತಿದ್ದೇವೆ.