ಗಚ್ಚಿಯ ಮೇಲಿನ ಸಬ್ಬಸಿಗೆ

ಸಬ್ಬಸಿಗೆ ಸಸಿಯನ್ನು ಕಿತ್ತು ಇನ್ನೊಂದು ಕಡೆ ನೆಡಬೇಡಿ. ಬದನೆ, ಟೊಮೆಟೊ ತಾಳಿಕೊಳ್ಳುತ್ತವೆ. ಇದು ಗಜ್ಜರಿಯ ಕುಲದ್ದು, ತಾಯಿಬೇರು ನೆಟ್ಟಗೆ ಕೆಳಗಿಳಿದಿರುತ್ತದೆ, ಅದಕ್ಕೆ ಪೆಟ್ಟಾದರೆ ಗಿಡ ಚೇತರಿಸುವುದು ಕಷ್ಟ. ನಮ್ಮ ಸೊಸೈಟಿಯ ಸೆಕ್ರೆಟರಿಯವರಿಗೆ ಎಷ್ಟು ಹೇಳಿದರೂ ಇದು ತಲೆಗೆ ಹೋಗಲಿಲ್ಲ.

ನಮ್ಮ ಡೊಂಬಿವಲಿಯಲ್ಲಿ ಸಬ್ಬಸಿಗೆ, ಇಲ್ಲಿಯವರ ಮಾತಿನಲ್ಲಿ ಶೇಪು, ಸಿಗುವುದಿಲ್ಲ ಎಂದಲ್ಲ. ಆದರೆ ಠಾಣೆ, ಕಲ್ಯಾಣದ ಲೋಕಲ್‌ನಲ್ಲಿ ಓಡಾಡುವಾಗ ಹಳಿ ಪಕ್ಕದ ಸೊಪ್ಪಿನ ಮಡಿಗಳಿಗೆ ಗಟಾರದ ನೀರು ಹಾಯಿಸುವುದನ್ನು ಕಣ್ಣಾರೆ ಕಂಡವಳು ನಾನು. ಮಗಳು ಬಾಣಂತನಕ್ಕೆ ಬರುವವಳಿದ್ದಳು. ಅವಳ ತಾಟಿಗೆ ಆ ಸೊಪ್ಪು ಬಡಿಸಲು ಮನಸ್ಸು ಒಪ್ಪಲಿಲ್ಲ.

ಬೀಜಕ್ಕೆ ನರ್ಸರಿ ಸುತ್ತಬೇಕಿಲ್ಲ. ಕಿರಾಣಿ ಅಂಗಡಿಯಲ್ಲಿ ಬಾಳಂತಶೋಪಾ ಎಂದು ಕೇಳಿ. ಹುರಿಯದ್ದು, ಹೊಸದು ಇರಬೇಕು. ದೀಪಾವಳಿ ಮುಗಿದ ಮೇಲೆ ಗಚ್ಚಿಯ ಮೂಲೆಯಲ್ಲಿ, ಹಳೆಯ ಹಣ್ಣಿನ ಕ್ರೇಟುಗಳಲ್ಲಿ ಬಿತ್ತಿದ್ದೆ. ಕೆಳಗೆ ನೀರು ಸೋರದಂತೆ ತಟ್ಟೆ ಇಟ್ಟಿದ್ದೆ, ಅದನ್ನು ಕಮಿಟಿಯವರೇ ಬಂದು ನೋಡಿದ್ದರು.

ಸಸಿ ಗೇಣುದ್ದಕ್ಕೆ ಬರುವ ಹೊತ್ತಿಗೆ ಗಚ್ಚಿಯ ವಾಟರ್‌ಪ್ರೂಫಿಂಗ್ ಶುರುವಾಯಿತು. ಬೆಳಿಗ್ಗೆ ವಾಚ್‌ಮನ್ ಕೈಲಿ ಹೇಳಿಕಳಿಸಿದರು, ಇವತ್ತೇ ಖಾಲಿ ಆಗಬೇಕಂತೆ. ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಸಂಜೆ ಕ್ರೇಟು ಸಮೇತ ನಾನೇ ಇಳಿಸುತ್ತೇನೆ, ಮುಟ್ಟಬೇಡಿ ಎಂದು ಸೆಕ್ರೆಟರಿಯವರ ಬಾಗಿಲಿಗೆ ಹೋಗಿ ಕೈಮುಗಿದು ಹೇಳಿದೆ. ಹೂಂ ಎಂದರು. ಮರಳಿ ಬಂದು ಮೆಟ್ಟಿಲು ಹತ್ತುತ್ತಿದ್ದ ಹಾಗೆಯೇ ಸಬ್ಬಸಿಗೆಯ ಘಾಟು ಮೂಗಿಗೆ ಬಡಿಯಿತು, ಎದೆ ಧಸಕ್ಕೆಂದಿತು. ಭಾರವಾಗುತ್ತದೆಂದು ಮಣ್ಣನ್ನೆಲ್ಲ ಗೋಣಿಚೀಲಕ್ಕೆ ಸುರಿದು, ಸಸಿಗಳನ್ನು ಸಂತೆಯ ಕಟ್ಟಿನ ಹಾಗೆ ಬಕೆಟ್ಟಿಗೆ ತುರುಕಿ ನಮ್ಮ ಬಾಗಿಲಲ್ಲಿ ಇಟ್ಟಿದ್ದರು. ಬೇರುಗಳೆಲ್ಲ ಅರ್ಧಕ್ಕೆ ತುಂಡಾಗಿದ್ದವು. “ಪುನಃ ನೆಟ್ಟರಾಯಿತಲ್ಲ ಕಾಕೂ” ಎಂದರು ಸೆಕ್ರೆಟರಿ, ಫೋನಿನಿಂದ ತಲೆ ಎತ್ತದೆ. ರಾತ್ರಿಯೆಲ್ಲ ಕೂತು ನೆಟ್ಟೆ. ಮರುದಿನ ಮಧ್ಯಾಹ್ನದೊಳಗೆ ಎಲ್ಲ ನೆಲಕ್ಕೆ ಒರಗಿದವು. ಮಗಳು ಸಮಾಧಾನ ಹೇಳಿದಳು, ಆದರೆ ಅದು ಅವಳ ಸೊಪ್ಪಾಗಿತ್ತು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಬೆಳೆಯುವವರಿಗೆ ನಾಲ್ಕು ಮಾತು. ಇಲ್ಲಿಯ ಮಳೆಗಾಲದಲ್ಲಿ ಬಿತ್ತಬೇಡಿ, ಮೊಳೆತದ್ದೂ ಕೊಳೆಯುತ್ತದೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯದು. ಒಂದು ಗೇಣು ಆಳದ ಮಣ್ಣು ಬೇಕು. ಬೀಜದ ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ನೀರು ಸುರಿಯದೆ ಚಿಮುಕಿಸಿ. ಒಂದೆರಡು ವಾರದಲ್ಲಿ ಮೊಳೆಯುತ್ತದೆ. ದಟ್ಟವಾದರೆ ಎಳೆಯದನ್ನು ಕಿತ್ತು ಹೆಸರುಬೇಳೆಗೆ ಹಾಕಿ. ಮಾರ್ಚಿನ ಬಿಸಿಲಿಗೆ ಹೂ ಬಿಡುತ್ತದೆ, ಎಲೆ ಕಡಿಮೆಯಾಗುತ್ತದೆ. ಆಗ ಕೆಲವು ಗಿಡಗಳನ್ನು ಬೀಜಕ್ಕೆ ಬಿಡಿ.

ನಾನೀಗ ಬಾಲ್ಕನಿಯೊಳಗೇ ಬೆಳೆಯುತ್ತೇನೆ. ಗಚ್ಚಿ ಖಾಲಿ ಮಾಡಿಸುವುದಿದ್ದರೆ ಎಂಟು ದಿನ ಮೊದಲು ಬರೆದು ತಿಳಿಸಬೇಕೆಂದು ಸೊಸೈಟಿಗೆ ಅರ್ಜಿ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಕೇಳುವವಳಿದ್ದೇನೆ.